ಬಡಿತದ ಮೇಲೊಂದು ಕಾನೂನು

(ಬೆಂಗಳೂರಿನಲ್ಲಿ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಂದು ನಡುನಡುವೆ ಹಾಡು ಹಾಕಿ ಕೇಳಿಸಿದ್ದೆವು. ಓದುವಾಗ ಆ ಕೆಲಸ ನಿಮ್ಮದು.)

ಎಲ್ಲರಿಗೂ ನಮಸ್ಕಾರ. ಮೊದಲು ಪರದೆಯ ಮೇಲಿರುವ ಚಿತ್ರ ನೋಡಿ. ನಡುವೆ ಆಳವಾದ ಕಂದರ. ಒಂದು ಕಡೆ ಹೊಗೆ ಉಗುಳುವ ಊರು, ಅದರ ಮುಂದೆ ಪೊಲೀಸರ ದಂಡು. ಇನ್ನೊಂದು ಕಡೆ ಹಸಿರು ಬಯಲು, ದೊಡ್ಡ ಸ್ಪೀಕರ್‌ಗಳು, ಕುಣಿಯುತ್ತಿರುವ ಜನ. ಎರಡನ್ನೂ ಸೇರಿಸಿರುವುದು ಒಂದು ಹಗ್ಗದ ಸೇತುವೆ. ಬಯಲಿನ ಕಡೆ ಉದ್ದ ಕೂದಲಿನ ಹುಡುಗನೊಬ್ಬ ಮಚ್ಚು ಹಿಡಿದು ಆ ಹಗ್ಗ ಕಡಿಯಲು ನಿಂತಿದ್ದಾನೆ. ಖಾಲಿ ಇರುವ ಕೈಯ ನಡುಬೆರಳು ಪೊಲೀಸರಿಗೆ ಮೀಸಲು.

ಇದನ್ನು ಬರೆದವರು ಲೆಸ್ ಎಡ್ವರ್ಡ್ಸ್. ದೆವ್ವದ ಕಥೆ, ಮಾಯಾಲೋಕದ ಕಥೆಗಳ ಪುಸ್ತಕಗಳಿಗೆ ಮುಖಪುಟ ಬರೆಯುವ ಕಲಾವಿದ. ಚಿತ್ರ ಇದ್ದದ್ದು 'ಮ್ಯೂಸಿಕ್ ಫಾರ್ ದ ಜಿಲ್ಟೆಡ್ ಜನರೇಷನ್' ಎಂಬ ಆಲ್ಬಂನ ಒಳಪುಟದಲ್ಲಿ. ಆಲ್ಬಂ ಕುಣಿತದ ಸಂಗೀತ ಮಾಡುವ 'ದಿ ಪ್ರಾಡಿಜಿ' ತಂಡದ್ದು. ಬಿಡುಗಡೆಯಾದದ್ದು 1994ರ ಜುಲೈನಲ್ಲಿ, ಇಂಗ್ಲೆಂಡಿನಲ್ಲಿ. ಬಂದ ಕೂಡಲೇ ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

'ಜಿಲ್ಟೆಡ್' ಅಂದರೆ ಕೈ ಕೊಡಿಸಿಕೊಂಡವರು. ಪ್ರೀತಿ ಮಾಡಿ ಕೈ ಕೊಡುತ್ತಾರಲ್ಲ, ಅದೇ. ಇಡೀ ಒಂದು ತಲೆಮಾರಿಗೆ ಯಾರು ಕೈ ಕೊಟ್ಟರು? ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಈ ತಂಡವನ್ನು ಮೊದಲು ನೋಡಿದ್ದು ಕೇಬಲ್ ಟಿವಿಯಲ್ಲಿ, 1996ರಲ್ಲಿ. ಅದು 'ಫೈರ್‌ಸ್ಟಾರ್ಟರ್' ಹಾಡು. ತಲೆಯ ನಡುವೆ ಬೋಳಿಸಿ, ಎರಡು ಪಕ್ಕ ಕೊಂಬಿನ ಹಾಗೆ ಕೂದಲು ಬಿಟ್ಟ ಒಬ್ಬ ಮನುಷ್ಯ ಸುರಂಗದಲ್ಲಿ ಕುಣಿಯುತ್ತಿದ್ದ. ಹೂ ಕಟ್ಟುತ್ತಾ ಕೂತಿದ್ದ ನಮ್ಮಜ್ಜಿ ತಲೆ ಎತ್ತಿ, "ಯಾರೋ ಇವನು? ಮೈಮೇಲೆ ಬಂದಿದೆಯೇನೋ ಪಾಪ" ಅಂದರು. ಆಮೇಲೆ ಎಷ್ಟೋ ವಿಮರ್ಶೆ ಓದಿದ್ದೇನೆ, ಆ ಮನುಷ್ಯನ, ಅಂದರೆ ಕೀತ್ ಫ್ಲಿಂಟ್‌ನ, ಕುಣಿತದ ಬಗ್ಗೆ ಅಜ್ಜಿಯ ಆ ಒಂದು ಮಾತಿನ ಮುಂದೆ ಯಾವುದೂ ನಿಲ್ಲಲಿಲ್ಲ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಅದಕ್ಕಿಂತ ಎರಡು ವರ್ಷ ಹಿಂದಿನ ಈ ಆಲ್ಬಂ. ಸ್ನೇಹಿತನೊಬ್ಬ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದ.

ತಂಡದ ತಲೆ ಲಿಯಮ್ ಹೌಲೆಟ್. ಊರು ಬ್ರೇನ್‌ಟ್ರೀ, ಲಂಡನ್ನಿಗೆ ಹತ್ತಿರದ ಎಸ್ಸೆಕ್ಸ್ ಸೀಮೆಯಲ್ಲಿದೆ. ಹೇಳಿಕೊಳ್ಳುವಂಥದ್ದೇನೂ ಇಲ್ಲದ ಊರು. ಹುಡುಗ ಮೊದಲು ಹಿಪ್‌ಹಾಪ್ ಡಿಜೆ. ಆಮೇಲೆ ರೇವ್ ಪಾರ್ಟಿಗಳ, ಅಂದರೆ ಬೆಳಗಿನವರೆಗೆ ಕುಣಿಯುವ ಪಾರ್ಟಿಗಳ ಗೀಳು ಹತ್ತಿತು. ಹತ್ತಿರದ ಒಂದು ಕ್ಲಬ್ಬಿನಲ್ಲಿ ಕೀತ್ ಫ್ಲಿಂಟ್ ಪರಿಚಯವಾಯಿತು. ಫ್ಲಿಂಟ್ ಒಂದು ಟೇಪ್ ಕೇಳಿದ. ಹೌಲೆಟ್ ಒಂದು ಬದಿಗೆ ಬೇರೆಯವರ ಹಾಡು ಜೋಡಿಸಿ, ಇನ್ನೊಂದು ಬದಿಗೆ ತಾನೇ ಮಾಡಿದ್ದನ್ನು ತುಂಬಿಸಿ ಕೊಟ್ಟ. ಟೇಪಿನ ಮೇಲೆ 'ಪ್ರಾಡಿಜಿ' ಎಂದು ಬರೆದಿತ್ತು. ಅದು ಮೂಗ್ ಕಂಪನಿಯ ಒಂದು ಸಿಂಥಸೈಸರ್ (ಎಲೆಕ್ಟ್ರಾನಿಕ್ ವಾದ್ಯ) ಹೆಸರು. ಫ್ಲಿಂಟ್ ಮತ್ತು ಅವನ ಗೆಳೆಯ ಲೀರಾಯ್ ಥಾರ್ನ್‌ಹಿಲ್ ಆ ಎರಡನೇ ಬದಿ ಕೇಳಿ, ನೀನು ಬಾರಿಸು, ನಾವು ಕುಣಿಯುತ್ತೇವೆ ಅಂದರು. ಆಮೇಲೆ ಮೈಕ್ ಹಿಡಿಯಲು ಮ್ಯಾಕ್ಸಿಮ್ ಬಂದ. ತಂಡ ಆಯಿತು. ಹಾಡು ಮಾಡುವವನು ಒಬ್ಬನೇ, ಕುಣಿಯುವವರೇ ಇಬ್ಬರು.

ಇನ್ನು ರೇವ್. ಶಿಕಾಗೋ, ಡೆಟ್ರಾಯಿಟ್ ನಗರಗಳ ಕರಿಯ ಹುಡುಗರು ಹುಟ್ಟಿಸಿದ ಹೌಸ್, ಟೆಕ್ನೋ ಎಂಬ ಯಂತ್ರದ ಬಡಿತದ ಸಂಗೀತ 1987-88ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೆಂಕಿಯ ಹಾಗೆ ಹಬ್ಬಿತು. (ಒಂದು ಅಡ್ಡ ಮಾತು: ಆ ಶಿಕಾಗೋ ಸದ್ದಿನ ಒಂದು ಬಗೆಗೆ ಕಾರಣವಾದ ರೋಲ್ಯಾಂಡ್ 303 ಎಂಬ ಪುಟ್ಟ ಯಂತ್ರದಲ್ಲಿ ನಮ್ಮ ಬೊಂಬಾಯಿಯ ಚರಣ್‌ಜಿತ್ ಸಿಂಗ್ 1982ರಲ್ಲೇ ಹತ್ತು ರಾಗ ನುಡಿಸಿ ಎಲ್‌ಪಿ ತಂದಿದ್ದರು. ಆಗ ಯಾರೂ ಕೇಳಲಿಲ್ಲ. ಅದೇ ಬೇರೆ ಉಪನ್ಯಾಸ.) ಅಲ್ಲಿ ಕ್ಲಬ್‌ಗಳು ಬೇಗ ಬಾಗಿಲು ಹಾಕುತ್ತಿದ್ದವು. ಹುಡುಗರಿಗೆ ಬೆಳಗಿನವರೆಗೆ ಕುಣಿಯಬೇಕು. ಹಾಗಾಗಿ ಖಾಲಿ ಗೋದಾಮು, ಹೊಲ, ಹಳೇ ವಿಮಾನ ನಿಲ್ದಾಣ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸ್ಪೀಕರ್ ಇಳಿಸಿದರು. ಲಂಡನ್ ಸುತ್ತುವ ಎಂ25 ಹೆದ್ದಾರಿ ಇದಕ್ಕೆ ಅನುಕೂಲವಾಯಿತು. ಎಲ್ಲಿ ಪಾರ್ಟಿ ಅನ್ನುವುದು ಕೊನೇ ಗಳಿಗೆಯವರೆಗೂ ಗುಟ್ಟು. ಒಂದು ಫೋನ್ ನಂಬರಿಗೆ ಕರೆ ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿ ದಾರಿ ಹೇಳುತ್ತಿತ್ತು. ಎಕ್ಸ್‌ಟಸಿ ಎಂಬ ನಶೆ ಮಾತ್ರೆಯೂ ಜೊತೆಗೇ ಓಡಾಡುತ್ತಿತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಸುಳ್ಳಾಗುತ್ತದೆ.

ಸರ್ಕಾರ ಸುಮ್ನೆ ಕೂರಲಿಲ್ಲ. 1990ರಲ್ಲಿ ಒಂದು ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಪಾರ್ಟಿ ಮಾಡಿದರೆ 20,000 ಪೌಂಡ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ದುಡ್ಡಿಗಾಗಿ ಪಾರ್ಟಿ ಮಾಡುತ್ತಿದ್ದವರು ಹಿಂದೆ ಸರಿದರು. ಟಿಕೆಟ್ಟೇ ಇಲ್ಲದೆ ಮಾಡುತ್ತಿದ್ದವರು ಉಳಿದುಕೊಂಡರು.

1992ರ ಮೇ ಕೊನೆಯ ವಾರ, ಸಾಲು ರಜೆ. ವೂಸ್ಟರ್‌ಶೈರ್‌ನ ಕ್ಯಾಸಲ್‌ಮಾರ್ಟನ್ ಅನ್ನುವ ಹಳ್ಳಿಯ ಗೋಮಾಳ. ವ್ಯಾನು, ಬಸ್ಸುಗಳನ್ನೇ ಮನೆ ಮಾಡಿಕೊಂಡು ತಿರುಗುವ ಅಲೆಮಾರಿಗಳು ವರ್ಷವರ್ಷ ಒಂದು ಹಬ್ಬ ಮಾಡುತ್ತಿದ್ದರು. ಆ ವರ್ಷ ಒಂದು ಜಿಲ್ಲೆಯ ಪೊಲೀಸರು ಅವರನ್ನು ಪಕ್ಕದ ಜಿಲ್ಲೆಗೆ ಅಟ್ಟಿದರು, ಅವರು ಅದರ ಪಕ್ಕದ್ದಕ್ಕೆ ಅಟ್ಟಿದರು. ಕೊನೆಗೆ ಎಲ್ಲರೂ ಬಂದು ಈ ಗೋಮಾಳದಲ್ಲಿ ಇಳಿದರು. ಸ್ಪೈರಲ್ ಟ್ರೈಬ್ ಮುಂತಾದ ತಂಡಗಳು ಸ್ಪೀಕರ್ ತಂದವು. ಟಿವಿಯವರು ಓಡಿ ಬಂದು, ನೋಡಿ ಎಂಥ ಅನಾಹುತ ಎಂದು ಸಂಜೆ ವಾರ್ತೆಯಲ್ಲಿ ತೋರಿಸಿದರು. ದೇಶದ ಹುಡುಗರಿಗೆಲ್ಲಾ ಪಾರ್ಟಿ ಎಲ್ಲಿದೆ ಅಂತ ಗೊತ್ತಾಯಿತು. ಕನಿಷ್ಠ 20,000 ಜನ ಸೇರಿದರು. ವಾರದವರೆಗೂ ನಡೆಯಿತು.

ಆ ಹಳ್ಳಿಯವರ ಕಡೆಯಿಂದಲೂ ಒಮ್ಮೆ ಯೋಚಿಸಿ. ಹಗಲೂ ರಾತ್ರಿ ಕಿಟಕಿ ಗಾಜು ನಡುಗುತ್ತಿದೆ. ಬೇಲಿಯ ಆಚೆ ಸಾವಿರಾರು ಜನ, ಶೌಚಾಲಯ ಇಲ್ಲ. ಪೊಲೀಸರಿಗೆ ಫೋನ್ ಮಾಡಿದರೆ, ಜನ ಜಾಸ್ತಿ ಇದ್ದಾರೆ, ಏನೂ ಮಾಡಲಾಗದು ಅನ್ನುತ್ತಾರೆ. ನಮ್ಮ ಮನೆ ಪಕ್ಕದ ಕಲ್ಯಾಣ ಮಂಟಪದಲ್ಲಿ ರಾತ್ರಿ ಹನ್ನೊಂದಕ್ಕೆ ಆರ್ಕೆಸ್ಟ್ರಾ ನಿಲ್ಲಿಸದಿದ್ದರೆ ನಾನೇ ಕೂಗಾಡುತ್ತೇನೆ. ಅವರ ಸಿಟ್ಟು ಸುಳ್ಳಲ್ಲ.

ಸ್ಪೈರಲ್ ಟ್ರೈಬ್‌ನ 13 ಜನರ ಮೇಲೆ ಕೇಸು ಹಾಕಿದರು. ವಿಚಾರಣೆ ವಾರಗಟ್ಟಲೆ ಎಳೆಯಿತು, ಲಕ್ಷಾಂತರ ಪೌಂಡ್ ಖರ್ಚಾಯಿತು. 1994ರ ಮಾರ್ಚ್‌ನಲ್ಲಿ ಎಲ್ಲರೂ ಖುಲಾಸೆ. ಇದ್ದ ಕಾನೂನಿನಲ್ಲಿ ಕುಣಿತವನ್ನು ಹಿಡಿಯಲು ಆಗಲಿಲ್ಲ. ಹೊಸದೊಂದು ಬೇಕಿತ್ತು. ಅದು ಆ ಹೊತ್ತಿಗಾಗಲೇ ಪಾರ್ಲಿಮೆಂಟಿನಲ್ಲಿ ಓಡಾಡುತ್ತಿತ್ತು. ಪ್ರಧಾನಿ ಜಾನ್ ಮೇಜರ್, ಗೃಹಮಂತ್ರಿ ಮೈಕಲ್ ಹೋವರ್ಡ್. ಮಸೂದೆಯ ಹೆಸರು ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್.

ಇದರ 63ನೇ ಸೆಕ್ಷನ್ ಮುಂದೆ ಸ್ವಲ್ಪ ಹೊತ್ತು ಕೂರೋಣ. ನನ್ನ ಮಟ್ಟಿಗೆ ಇಡೀ ಉಪನ್ಯಾಸ ಇರುವುದೇ ಇಲ್ಲಿ.

ರೇವ್ ಅಂದರೇನು ಅಂತ ಕಾನೂನು ಹೇಳಬೇಕಿತ್ತು. ಬಯಲಿನಲ್ಲಿ, ರಾತ್ರಿ ಹೊತ್ತು, 100 ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ, ಊರಿನವರಿಗೆ ತೀವ್ರ ತೊಂದರೆ ಆಗುವಷ್ಟು ಜೋರಾಗಿ ಮೈಕಿನಲ್ಲಿ ಸಂಗೀತ ಹಾಕುವುದು. ಇಲ್ಲಿಯವರೆಗೆ ಸರಿ. ಆಮೇಲೆ ಒಂದು ಸಣ್ಣ ವಿವರಣೆ ಬರುತ್ತದೆ: 'ಸಂಗೀತ' ಎಂಬುದರಲ್ಲಿ, ಪೂರ್ತಿಯಾಗಿ ಅಥವಾ ಬಹುಪಾಲು ಒಂದರ ಹಿಂದೊಂದು ಮರುಕಳಿಸುವ ಬಡಿತಗಳಿಂದ ಕೂಡಿದ ಸದ್ದುಗಳೂ ಸೇರುತ್ತವೆ.

'ಸೇರುತ್ತವೆ' ಅನ್ನುವ ಪದ ನೋಡಿ. ಯಾಕೆ ಬೇಕಾಯಿತು ಅದು? ಆಗ ದೊಡ್ಡವರೆಲ್ಲಾ, ಇದೇನು ಸಂಗೀತವೇನ್ರೀ, ಬರೀ ಡಬ್ ಡಬ್ ಸದ್ದು ಅನ್ನುತ್ತಿದ್ದರು. ನಾಳೆ ಕೋರ್ಟಿನಲ್ಲಿ ಯಾರಾದರೂ ಜಾಣ ವಕೀಲ ಅದೇ ಮಾತನ್ನು ತಿರುಗಿಸಿ, ಸ್ವಾಮಿ, ನೀವೇ ಇದು ಸಂಗೀತ ಅಲ್ಲ ಅಂತೀರಿ, ಹಾಗಾದರೆ ಸಂಗೀತದ ಕಾನೂನು ನಮಗೆ ಹೇಗೆ ತಗಲುತ್ತೆ ಅಂದರೆ? ಆ ಬಾಗಿಲು ಮುಚ್ಚಲು ಬರೆದ ಮಾತಿನ ಹಾಗೆ ನನಗೆ ಇದು ಕಾಣುತ್ತದೆ. ಹಿಡಿಯಬೇಕಾದರೆ ಮೊದಲು ಮರ್ಯಾದೆ ಕೊಡಬೇಕಾಯಿತು. ಡಬ್ ಡಬ್ ಸದ್ದೂ ಸಂಗೀತವೇ ಅಂತ ಪಾರ್ಲಿಮೆಂಟೇ ಬರೆದುಕೊಟ್ಟಿತು.

ಇನ್ನೊಂದು ತಮಾಷೆ. ಈ ವಿವರಣೆಗೆ ನಮ್ಮ ತಮಟೆ, ಡೊಳ್ಳು ಸದ್ದನ್ನು ಮೈಕಿಗೆ ಹಾಕಿದರೆ ಸಲೀಸಾಗಿ ಒಗ್ಗುತ್ತವೆ. ಬಡಿತ ಮರುಕಳಿಸದೆ ಇದ್ದರೆ ಕುಣಿಯುವುದಾದರೂ ಹೇಗೆ?

ಜನ ಸೇರುವ ತನಕ ಕಾಯಬೇಕಾಗಿಯೂ ಇರಲಿಲ್ಲ. ಇಬ್ಬರು ತಯಾರಿ ಮಾಡುತ್ತಿದ್ದರೆ ಸಾಕು, ಹತ್ತು ಜನ ಶುರುವಾಗಲಿ ಎಂದು ಕಾಯುತ್ತಿದ್ದರೆ ಸಾಕು, ಎದ್ದು ಹೋಗಿ ಅನ್ನಬಹುದು. ಐದು ಮೈಲಿ ದೂರದಲ್ಲೇ ವಾಹನ ತಡೆದು ವಾಪಸ್ ಕಳಿಸಬಹುದು. ಸ್ಪೀಕರ್ ಜಪ್ತಿ ಮಾಡಬಹುದು. ಲೈಸೆನ್ಸ್ ಪಡೆದ ಕಾರ್ಯಕ್ರಮಕ್ಕೆ ಇದು ಯಾವುದೂ ಇಲ್ಲ. ಅಂದರೆ ದುಡ್ಡು ಕೊಟ್ಟು ಒಳಗೆ ಕುಣಿದರೆ ಸರಿ. ನಮ್ಮ ಬೆಂಗಳೂರಿನಲ್ಲೂ 2008ರ ಸುಮಾರಿಗೆ ಪಬ್‌ಗಳಲ್ಲಿ ಕುಡಿಯಬಹುದು, ಕುಣಿಯುವ ಹಾಗಿಲ್ಲ ಅಂತ ಪೊಲೀಸರು ಪಟ್ಟು ಹಿಡಿದದ್ದು ಇಲ್ಲಿರುವ ಕೆಲವರಿಗೆ ನೆನಪಿರಬೇಕು. ಹೋಲಿಕೆ ಅಲ್ಲಿಗೆ ಸಾಕು.

ಈಗ ಆಲ್ಬಂಗೆ ಬರೋಣ. ಹೌಲೆಟ್‌ಗೆ ಆಗ ಇನ್ನೊಂದು ತಲೆನೋವಿತ್ತು. ಅದು ಪೊಲೀಸರದ್ದಲ್ಲ, ಸ್ವಂತ ಜನರದ್ದು. 1991ರಲ್ಲಿ 'ಚಾರ್ಲಿ' ಅಂತ ಒಂದು ಹಾಡು ಮಾಡಿದ್ದ. ಹಳೇ ಟಿವಿಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಸರ್ಕಾರಿ ಕಾರ್ಟೂನ್ ಒಂದಿತ್ತು. ಅದರಲ್ಲಿ ಒಂದು ಬೆಕ್ಕು ಮಿಯಾಂವ್ ಅನ್ನುತ್ತದೆ, ಹುಡುಗ ಅದರ ಅರ್ಥ ಹೇಳುತ್ತಾನೆ: ಎಲ್ಲಿಗಾದರೂ ಹೋಗುವ ಮುಂಚೆ ಅಮ್ಮನಿಗೆ ಹೇಳಿ ಹೋಗಬೇಕು. ರಾತ್ರಿಯೆಲ್ಲಾ ಮನೆಗೆ ಹೋಗದೆ ಕುಣಿಯುವ ಹುಡುಗರ ಮುಂದೆ ಈ ಮಾತು ಹಾಕಿದರೆ ಹೇಗಿರುತ್ತೆ! ಹಾಡು ಮೂರನೇ ಸ್ಥಾನಕ್ಕೆ ಏರಿತು. ಆಮೇಲೆ ಕಂಡಕಂಡವರೆಲ್ಲಾ ಮಕ್ಕಳ ಕಾರ್ಯಕ್ರಮದ ರಾಗ ಕದ್ದು ಹಾಡು ಮಾಡಿದರು. ಡ್ಯಾನ್ಸ್ ಪತ್ರಿಕೆ 'ಮಿಕ್ಸ್‌ಮ್ಯಾಗ್', ರೇವನ್ನು ಕೊಂದದ್ದು ಚಾರ್ಲಿಯೇ ಅಂತ ದೊಡ್ಡದಾಗಿ ಪ್ರಶ್ನೆ ಹಾಕಿತು. ಹೌಲೆಟ್ ಆ ಪತ್ರಿಕೆಯನ್ನು ತನ್ನ ಒಂದು ವಿಡಿಯೋದಲ್ಲಿ ಸುಟ್ಟ.

ಡಿಜೆಗಳು ಅವನ ಹೆಸರು ಕಂಡರೆ ಪ್ಲೇಟನ್ನು ಪಕ್ಕಕ್ಕಿಡುತ್ತಿದ್ದರು. 1993ರಲ್ಲಿ ಅವನು ಹೆಸರೇ ಹಾಕದೆ, ಬಿಳಿ ಲೇಬಲ್ಲಿನ ಒಂದು ಪ್ಲೇಟು ಹಂಚಿದ. ತನ್ನ ಮನೆಯ ಸ್ಟುಡಿಯೋ ಹೆಸರು 'ಅರ್ಥ್‌ಬೌಂಡ್', ಅದಷ್ಟೇ ಅದರ ಗುರುತು. ಯಾರೋ ಹೊಸಬ ಅಂದುಕೊಂಡು ಡಿಜೆಗಳು ಹಾಕಿದ್ದೇ ಹಾಕಿದ್ದು. ಅದು ಪ್ರಾಡಿಜಿಯ 'ಒನ್ ಲವ್' ಅಂತ ಆಮೇಲೆ ಗೊತ್ತಾಯಿತು. ಈ ಆಲ್ಬಂನಲ್ಲಿ ಅದೂ ಇದೆ.

ಆಲ್ಬಂ ಶುರುವಾಗುವುದು ಟಕಟಕ ಟೈಪ್ ಮಾಡುವ ಸದ್ದಿನಿಂದ. ಒಬ್ಬ ಗಂಡಸಿನ ದನಿ, ನನ್ನ ಕೆಲಸ ಕೆಟ್ಟವರ ಕೈಗೆ ಬೀಳಬಾರದು, ಅದಕ್ಕೇ ಮತ್ತೆ ಭೂಗತನಾಗುತ್ತಿದ್ದೇನೆ ಎನ್ನುವ ಅರ್ಥದಲ್ಲಿ ಮಾತಾಡುತ್ತದೆ. ಕೆಟ್ಟವರು ಯಾರು? ಪೊಲೀಸರೂ ಇರಬಹುದು, ಮಕ್ಕಳ ರಾಗ ಕದ್ದು ಮಾರುವವರೂ ಇರಬಹುದು. ನನಗೆ ಎರಡನೆಯದೇ ಜಾಸ್ತಿ ಸರಿ ಅನಿಸುತ್ತದೆ.

(ಇಲ್ಲಿ 'ಬ್ರೇಕ್ ಅಂಡ್ ಎಂಟರ್' ಹಾಕಿದೆವು. ಗಾಜು ಒಡೆಯುವ ಸದ್ದು ತಾಳದೊಳಗೆ ಬಂದು ಸೇರುವಾಗ ಮುಂದಿನ ಸಾಲಿನ ಒಬ್ಬರು ಬೆಚ್ಚಿ ಕಿಟಕಿ ಕಡೆ ನೋಡಿದರು.)

ಇದನ್ನೆಲ್ಲಾ ಅವನು ಮಾಡಿದ್ದು ಹೇಗೆ? ಮುಖ್ಯ ಆಯುಧ ರೋಲ್ಯಾಂಡ್ ಡಬ್ಲ್ಯೂ-30. ನೋಡಲು ಒಂದು ಕೀಬೋರ್ಡ್. ಅದರೊಳಗೇ ಬೇರೆ ಕಡೆಯ ಸದ್ದನ್ನು ಹಿಡಿದಿಟ್ಟು ನುಡಿಸುವ ಸ್ಯಾಂಪ್ಲರ್, ಅದರೊಳಗೇ ಎಲ್ಲವನ್ನೂ ಸಾಲಾಗಿ ಜೋಡಿಸುವ ಸೀಕ್ವೆನ್ಸರ್. 12 ಬಿಟ್, ಅಂದರೆ ಸದ್ದು ಸ್ವಲ್ಪ ಒರಟಾಗಿಯೇ ಬರುತ್ತದೆ. ಉಳಿಸಿಕೊಳ್ಳಲು ಫ್ಲಾಪಿ. ನೆನಪಿಗೆ ಹಿಡಿಯುವುದು ಕೆಲವೇ ಸೆಕೆಂಡಿನ ಸದ್ದು. ಜಾಗ ಉಳಿಸಲು ಒಂದು ಉಪಾಯ ಇತ್ತು: ಹಳೇ ಹಾಡಿನ ಡ್ರಮ್ ತುಂಡನ್ನು ಪ್ಲೇಟಿನಿಂದ ತೆಗೆಯುವಾಗಲೇ ವೇಗ ಹೆಚ್ಚಿಸಿ ತೆಗೆಯುವುದು. 33ರಲ್ಲಿ ಓಡಬೇಕಾದ ಪ್ಲೇಟನ್ನು 45ಕ್ಕೆ ಹಾಕಿದರೆ ಏನಾಗುತ್ತೆ ಅಂತ ನಿಮ್ಮಲ್ಲಿ ಹಳಬರಿಗೆ ಗೊತ್ತು. ಹಾಡಿನ ವೇಗದ ಜೊತೆ ದನಿಯೂ ಏರುತ್ತದೆ.

'ನೋ ಗುಡ್' ಹಾಡಿನಲ್ಲಿ ಕೇಳುವ ಹೆಣ್ಣು ದನಿ ಕೆಲ್ಲಿ ಚಾರ್ಲ್ಸ್ ಎಂಬ ಗಾಯಕಿಯ 1987ರ ಹಾಡಿನದು. ಮೂಲದಲ್ಲಿ ಅದು ಮಾಮೂಲಿ ಹೆಂಗಸಿನ ದನಿ, ಇವನು ನನಗೆ ಆಗಿಬರುವವನಲ್ಲ ಎಂದು ಕೊರಗುವ ಹಾಡು. ಹೌಲೆಟ್ ಅದನ್ನು ಏರಿಸಿ, ಕತ್ತರಿಸಿ, ಮತ್ತೆಮತ್ತೆ ಹೇಳಿಸಿದ. ಕೊರಗು ಹೋಗಿ ಹಟ ಬಂತು. ಮೂಲ, ನಕಲು ಎರಡನ್ನೂ ಒಂದರ ಪಕ್ಕ ಒಂದು ಕೇಳಿ ನೋಡಿ. ಪದ ಅದೇ, ಮಾತಾಡುತ್ತಿರುವವಳು ಬೇರೆ. ಈ ಆಲ್ಬಂನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ, ನಡುಬೆರಳಿನ ಚಿತ್ರ ಅಲ್ಲ.

'ವೂಡೂ ಪೀಪಲ್' ಹಾಡಿನಲ್ಲಿ ನಿರ್ವಾಣ ತಂಡವನ್ನು ನೆನಪಿಸುವ ಗಿಟಾರ್ ಬರುತ್ತದೆ. 'ಪಾಯ್ಸನ್' ನಿಧಾನ, ಕೆಸರಿನಲ್ಲಿ ಕಾಲು ಹೂತ ಹಾಗೆ. ಕೊನೆಯ ಮೂರು ತುಂಡುಗಳು ಸೇರಿ 'ನಾರ್ಕಾಟಿಕ್ ಸ್ವೀಟ್' (ಸಿಹಿಯಲ್ಲ, ಇಲ್ಲಿ 'ಸ್ವೀಟ್' ಅಂದರೆ ಜೋಡಿಸಿದ ತುಂಡುಗಳ ಗುಚ್ಛ), ಅದರಲ್ಲಿ ಒಂದು ಕಡೆ ಕೊಳಲು ಬಂದು ಉಸಿರಾಡಲು ಬಿಡುತ್ತದೆ. ಒಟ್ಟು 78 ನಿಮಿಷ, ಸಿಡಿಯ ಅಂಚಿನವರೆಗೆ ತುಂಬಿದ್ದಾನೆ. ಸ್ವಲ್ಪ ಉದ್ದವಾಯಿತು ಅನ್ನಿಸುವುದು ನಿಜ. ಅಲ್ಲಿ ವರ್ಷದ ಒಳ್ಳೆಯ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಆ ವರ್ಷದ ಪಟ್ಟಿಯಲ್ಲಿತ್ತು, ಗೆದ್ದದ್ದು ಎಂ ಪೀಪಲ್ ಎಂಬ ತಂಡ.

ಇಷ್ಟರಲ್ಲಿ ಕಾನೂನಿನ ಬಗ್ಗೆ ಮಾತಾಡುವ ಹಾಡು ಎಷ್ಟು? ಒಂದೇ. 'ದೇರ್ ಲಾ' (ಅವರ ಕಾನೂನು), ಪಾಪ್ ವಿಲ್ ಈಟ್ ಇಟ್‌ಸೆಲ್ಫ್ ತಂಡದ ಜೊತೆ ಮಾಡಿದ್ದು. ಅದರಲ್ಲೂ ಸಾಹಿತ್ಯ ಅಂತ ಇರುವುದು ಹೆಚ್ಚುಕಮ್ಮಿ ಒಂದು ಬೈಗುಳದ ಸಾಲು. ಒಳಪುಟದಲ್ಲಿ, ಹುಡುಗರು ಖುಷಿಯಾಗಿರುವುದನ್ನು ಸರ್ಕಾರ ಹೇಗೆ ತಡೆದೀತು ಅನ್ನುವಂಥ ಒಂದು ಮಾತು. ಮಿಕ್ಕಿದ್ದೆಲ್ಲಾ ಬರೀ ಬಡಿತ. ಹೌಲೆಟ್ ಸ್ವತಃ ಮುಂದೆ, ಇದು ರಾಜಕೀಯದ ಆಲ್ಬಂ ಅಲ್ಲವೇ ಅಲ್ಲ, ಆ ಹೆಸರಿಟ್ಟದ್ದೇ ದಡ್ಡತನ ಅಂತ ಹೇಳಿದ್ದಾನೆ.

ಅವನ ಮಾತನ್ನು ನಾನು ನಂಬುತ್ತೇನೆ. ಆದರೆ ಅದು ಅವನ ಕೈಯಲ್ಲಿ ಇರಲಿಲ್ಲ ಅಂತಲೂ ಅನಿಸುತ್ತದೆ. ಹಾಡಿನ ಮಾತನ್ನು ನಿಷೇಧಿಸಿದ ಸರ್ಕಾರಗಳು ಬೇಕಾದಷ್ಟಿವೆ. ಇಲ್ಲಿ ಕಾನೂನು ಕೈ ಇಟ್ಟದ್ದು ಬಡಿತದ ಮೇಲೆ. ಹಾಗಾದ ಮೇಲೆ ಮಾತೇ ಇಲ್ಲದ ಹಾಡೂ ಘೋಷಣೆಯಾಗಿಬಿಡುತ್ತದೆ. ಜುಲೈನಲ್ಲಿ ಆಲ್ಬಂ ಕೊಂಡ ಹುಡುಗಿ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಾಲು ಅಲ್ಲಾಡಿಸುತ್ತಿದ್ದಾಳೆ. ಅದೇ ಸದ್ದನ್ನು ನವೆಂಬರ್ ಹೊತ್ತಿಗೆ ಕಾಯ್ದೆ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅವಳನ್ನು ಬಂಡಾಯಗಾರ್ತಿ ಮಾಡಿದ್ದು ಹೌಲೆಟ್ ಅಲ್ಲ, ಮಸೂದೆ ಬರೆದ ಗುಮಾಸ್ತ.

ಮಿಕ್ಕವರು ಇದನ್ನು ಇನ್ನೂ ಜಾಣತನದಿಂದ ಹಿಡಿದರು. ಆಟೆಕರ್ ಎಂಬ ಜೋಡಿ ಸೆಪ್ಟೆಂಬರ್‌ನಲ್ಲಿ 'ಆಂಟಿ' (ಅಂದರೆ ವಿರೋಧ) ಅನ್ನುವ ಪ್ಲೇಟು ತಂದರು. ಮೇಲೆ ಒಂದು ಸ್ಟಿಕ್ಕರ್: ಮೊದಲ ಎರಡು ಹಾಡುಗಳಲ್ಲಿ ಮರುಕಳಿಸುವ ಬಡಿತ ಇದೆ, ಕಾನೂನು ಬಂದರೆ ಹಾಕಬೇಡಿ. ಮೂರನೆಯದರಲ್ಲಿ ಒಂದು ಸಾಲಿನ ಹಾಗೆ ಇನ್ನೊಂದು ಸಾಲು ಇಲ್ಲದಂತೆ ಮಾಡಿದ್ದೇವೆ, ಧಾರಾಳವಾಗಿ ಹಾಕಿ. ಆದರೂ ಪಕ್ಕದಲ್ಲಿ ಒಬ್ಬ ವಕೀಲ, ಒಬ್ಬ ಸಂಗೀತಶಾಸ್ತ್ರಜ್ಞ ಇರಲಿ! ಆರ್ಬಿಟಲ್ ತಂಡದವರು ಮಸೂದೆಯ ಹೆಸರಿಟ್ಟು ಸುಮಾರು ನಾಲ್ಕು ನಿಮಿಷದ ಮೌನವನ್ನೇ ಹಾಡು ಅಂತ ಕೊಟ್ಟರು.

ಲಂಡನ್ನಿನಲ್ಲಿ ಆ ವರ್ಷ ಮೇ, ಜುಲೈ, ಅಕ್ಟೋಬರ್‌ನಲ್ಲಿ ಮೂರು ದೊಡ್ಡ ಮೆರವಣಿಗೆ ಆದವು. ಅಕ್ಟೋಬರ್ 9ರಂದು ಹೈಡ್ ಪಾರ್ಕ್ ಹತ್ತಿರ ಗಲಾಟೆ, ಕುದುರೆ ಪೊಲೀಸರು, ಕಲ್ಲು. ಏನೂ ನಡೆಯಲಿಲ್ಲ. 1994ರ ನವೆಂಬರ್ 3ಕ್ಕೆ ಮಸೂದೆಗೆ ರಾಣಿಯ ಒಪ್ಪಿಗೆ ಸಿಕ್ಕಿತು. ಸ್ಪೈರಲ್ ಟ್ರೈಬ್‌ನವರು ಗಾಡಿ ಕಟ್ಟಿಕೊಂಡು ಅಷ್ಟರಲ್ಲಾಗಲೇ ಯೂರೋಪಿಗೆ ಹೋಗಿದ್ದರು, ಫ್ರಾನ್ಸ್‌ನಲ್ಲಿ ಅದೇ ಹಬ್ಬ ಶುರು ಮಾಡಿದ್ದರು. ಇಂಗ್ಲೆಂಡಿನಲ್ಲಿ ಕುಣಿತ ಲೈಸೆನ್ಸ್ ಇರುವ ದೊಡ್ಡ ಕ್ಲಬ್‌ಗಳ ಒಳಗೆ ಹೋಯಿತು. ಬಾಗಿಲಲ್ಲಿ ಬೌನ್ಸರ್, ಒಳಗೆ ಪ್ರಾಯೋಜಕರ ಬ್ಯಾನರ್.

ಪ್ರಾಡಿಜಿಯೂ ರೇವ್ ಬಿಟ್ಟಿತು. 1997ರಲ್ಲಿ ಬಂದ ಮುಂದಿನ ಆಲ್ಬಂ ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಹಬ್ಬದ ದೊಡ್ಡ ವೇದಿಕೆಯಲ್ಲಿ ರಾತ್ರಿಯ ಕೊನೆಯ ಕಾರ್ಯಕ್ರಮ ಅವರದ್ದು. ಬಯಲು, ರಾತ್ರಿ, ಸಾವಿರಾರು ಜನ, ಮರುಕಳಿಸುವ ಬಡಿತ, ಎಲ್ಲಾ ಇತ್ತು. ಲೈಸೆನ್ಸೂ ಇತ್ತು. ಕೀತ್ ಫ್ಲಿಂಟ್ 2019ರ ಮಾರ್ಚ್‌ನಲ್ಲಿ 49ನೇ ವಯಸ್ಸಿಗೆ ತೀರಿಕೊಂಡ. ಅಂತ್ಯಕ್ರಿಯೆಯ ದಿನ ಬ್ರೇನ್‌ಟ್ರೀ ಬೀದಿಗಳಲ್ಲಿ ಅಭಿಮಾನಿಗಳು ಸಾಲುಗಟ್ಟಿ ನಿಂತಿದ್ದರು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಆ ಕಾನೂನು ಈಗಲೂ ಇದೆಯಾ ಅಂತ ಒಬ್ಬರು ಕೇಳಿದರು. ಇದೆ, 2003ರಲ್ಲಿ ಇನ್ನೂ ಬಿಗಿ ಮಾಡಿದರು, 100 ಜನ ಅನ್ನುವುದನ್ನು 20ಕ್ಕೆ ಇಳಿಸಿದರು ಅಂದೆ. ತಮಟೆ ಬಾರಿಸುವವರೊಬ್ಬರು ಬಂದಿದ್ದರು. "20 ಜನ ಅಂದ್ರೆ ನಮ್ಮ ತಂಡವೇ ಆಗೋಯ್ತಲ್ಲ ಸಾರ್" ಅಂತ ನಕ್ಕರು.

ಕೊನೆಗೆ ಹಿಂದಿನ ಸಾಲಿನಿಂದ ಕಾಲೇಜು ಹುಡುಗಿಯೊಬ್ಬಳು ಮೊದಲ ಚಿತ್ರವನ್ನು ಮತ್ತೊಮ್ಮೆ ತೋರಿಸಿ ಅಂದಳು. ತೋರಿಸಿದೆ. "ಸರ್, ಅವನು ಹಗ್ಗ ಕಡಿದುಬಿಟ್ರೆ ಸೋಮವಾರ ಕೆಲಸಕ್ಕೆ ಹೇಗೆ ಹೋಗ್ತಾನೆ? ಊರು ಆ ಕಡೆ ಇದೆ ಅಲ್ವಾ?" ಎಲ್ಲರೂ ನಕ್ಕರು. ನಾನು ಈ ಚಿತ್ರವನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ, ಇದು ನನಗೆ ಹೊಳೆದೇ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನೋಡಿದೆ. ಮಚ್ಚು ಇನ್ನೂ ಹಗ್ಗಕ್ಕೆ ತಾಗಿಲ್ಲ ಕಣಮ್ಮಾ ಅಂದೆ.